ಓದದೆ ಬಿಟ್ಟ ದೇಶ

ಗಂಗೊಳ್ಳಿ ಬಂದರು
೨೨೩೧ನೇ ಇಸವಿ, ಹದಿಮೂರನೇ ತಿಂಗಳ ಕೊನೆಯ ದಿನ

ಏಳು ತಲೆಮಾರು ಹಿಂದಿನ ಹಿರಿಯರಿಗೆ ಗುಲಾಬಿ ಮೊಗವೀರಳ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ಸಮುದ್ರಕ್ಕೆ ವಿಶ್ರಾಂತಿ ಬೇಕೆಂದು ನಾವು ವರ್ಷಕ್ಕೆ ಒಂದು ತಿಂಗಳು ಸೇರಿಸಿಕೊಂಡಿದ್ದೇವೆ. ಆಗ ಯಾರೂ ಬಲೆ ಬೀಸುವುದಿಲ್ಲ. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಕಂಡರೆ ಕ್ಷಮೆಯಿರಲಿ.

ನಮ್ಮ ಕಾಲದ ಹೆಚ್ಚಿನ ಮೀನು ತೊಟ್ಟಿಯಲ್ಲೇ ಬೆಳೆಯುತ್ತದೆ. ಕಡಲಲ್ಲೇ ಹುಟ್ಟಿ ಬೆಳೆದ ಘೋಲ್ ಮೀನು ವರ್ಷಕ್ಕೆ ನಾಲ್ಕೈದು ಸಿಕ್ಕರೆ ಹೆಚ್ಚು. ಸಿಕ್ಕ ದಿನ ಊರಿಗೆ ಊರೇ ದೋಣಿ ನಿಲ್ಲುವ ದಕ್ಕೆಗೆ ಬರುತ್ತದೆ. ಬೆಲೆಗನ್ನಡಿ ಎಂಬ ಫಲಕದಲ್ಲಿ ಆ ಮೀನಿಗೆ ಯಾವ ದೇಶದಲ್ಲಿ ಎಷ್ಟೆಂದು ಆಯಾ ದೇಶದ ಲಿಪಿಯಲ್ಲೇ ಮೂಡುತ್ತದೆ. ದಕ್ಕೆಯ ಕಲ್ಲಿನ ಮೇಲೆ ಕೂತು ಅದನ್ನು ಗಟ್ಟಿಯಾಗಿ ಓದುವವಳು ಆ ಲಿಪಿಗಳನ್ನು ಬಲ್ಲ ಬೆಲೆಗಾತಿ ಒಬ್ಬಳೇ. ಬೆಲೆಯನ್ನು ಅಕ್ಕಿಯಲ್ಲಿ ಹೇಳುತ್ತೇವೆ: ಜಪಾನಿನಲ್ಲಿ ಮೂರು ಮುಡಿ, ದುಬೈಯಲ್ಲಿ ನಾಲ್ಕು. ಓದು ಮುಗಿಯದೆ ಹರಾಜು ಕೂಗುವಂತಿಲ್ಲ. ಫೋನು ಹೇಳಿದ ದರ ನಂಬಿ ನೀವು ಕೆಟ್ಟಿರಂತೆ. ಅದಕ್ಕೇ ಮನುಷ್ಯರೇ ಓದಬೇಕು, ಅದೂ ನಮ್ಮವರೇ ಒಬ್ಬರು ಎಂಬ ಕಟ್ಟಳೆ ನಿಮ್ಮಿಂದ ಬಂತು.

ಇಪ್ಪತ್ತೆರಡು ವರ್ಷ ಆ ಕಲ್ಲಿನ ಮೇಲೆ ಕೂತವಳು ನನ್ನ ಚಿಕ್ಕಮ್ಮ ಅಕ್ಕಣಿ. ತಾಯಿಯಿಲ್ಲದ ನನ್ನನ್ನು ಸಾಕಿದವಳೂ ಅವಳೇ. ಚೀನಾದ ಸಾಲು ಬಂದಾಗಲೆಲ್ಲ ಕೈ ಕೊಡವಿ, “ಅಲ್ಲಿಯವ್ರ್ ಈ ಮೀನ್ ತಿಂಬುದಿಲ್ಲ ಮಾರ್ರೆ” ಎಂದು ಮುಂದೆ ಹೋಗುತ್ತಿದ್ದಳು. ಪಾಪ, ಎಂಥ ರುಚಿಗೇಡಿಗಳು ಎಂದು ನಾವೆಲ್ಲ ನಗುತ್ತಿದ್ದೆವು.

ಅವಳ ಕಣ್ಣು ಮಂಜಾಯಿತೆಂದು ಈ ತಿಂಗಳು ಊರು ಆ ಕಲ್ಲನ್ನು ನನಗೆ ಕೊಟ್ಟಿತು. ಚೀನೀ ಅಂಕಿಗಳನ್ನೂ ನಾಲ್ಕಾರು ಪದಗಳನ್ನೂ ಕಲಿತು ಫಲಕದ ಹಳೆಯ ಸಾಲುಗಳನ್ನು ಓದಿದೆ. ಘೋಲ್ ಹೊಟ್ಟೆಯ ಗಾಳಿಚೀಲವೊಂದಕ್ಕೇ ಅಲ್ಲಿ ಐವತ್ತು ಮುಡಿ! ನಾವು ನಾಲ್ಕಕ್ಕೆ ಕೊಟ್ಟದ್ದನ್ನು ಒಬ್ಬ ಸಾಹುಕಾರ ಅಲ್ಲಿಗೇ ಸಾಗಿಸುತ್ತಿದ್ದ, ಚಿಕ್ಕಮ್ಮನಿಗೆ ಪಾಲು ಬರುತ್ತಿತ್ತು ಎಂದು ಅವಳ ಪೆಟ್ಟಿಗೆಯ ಚೀಟಿಗಳಿಂದ ತಿಳಿಯಿತು. ಬೇಲಿಯೇ ಎದ್ದು ಹೊಲ ಮೇಯ್ದಿದೆ. ಕೇಳಿದ್ದಕ್ಕೆ, “ನಿನ್ನ ಸಾಕುಕೆ ಮಾಡ್ದೆ ಮಗಾ” ಎಂದಳು. ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಅಳು ಬಂತು. ಇನ್ಯಾರೇ ಮಾಡಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ನಾಳೆ ಬಲೆ ಇಳಿಯುತ್ತದೆ. ಘೋಲ್ ಬಂದರೆ ಆ ಸಾಲನ್ನು ನಾನು ಓದಲೇಬೇಕು. ಓದಿದರೆ ಇಪ್ಪತ್ತೆರಡು ವರ್ಷದ ಮೋಸ ಊರಿಗೆ ತಿಳಿಯುತ್ತದೆ. ಆಮೇಲೆ ಅವಳ ಮನೆಯ ನೀರನ್ನೂ ಯಾರೂ ಮುಟ್ಟುವುದಿಲ್ಲ, ನಾನೂ ಮುಟ್ಟುವಂತಿಲ್ಲ. ಆದರೂ ಓದುತ್ತೇನೆ.

ನಿಮ್ಮಲ್ಲಿ ಬೇಡುವುದು ಒಂದೇ. ಈ ಕಾಗದ ನಿಮಗೆ ಮುಟ್ಟುವ ಹೊತ್ತಿಗೆ ಆ ಕಟ್ಟಳೆಯನ್ನು ನೀವಿನ್ನೂ ಬರೆದಿರಲಿಕ್ಕಿಲ್ಲ. ಬರೆಯುವಾಗ ಒಬ್ಬರೆಂದು ಬರೆಯಬೇಡಿ. ಇಬ್ಬರನ್ನು ಕೂರಿಸಿ, ಒಬ್ಬರನ್ನು ಕಂಡರೆ ಒಬ್ಬರಿಗಾಗದವರನ್ನೇ ಹುಡುಕಿ ಕೂರಿಸಿ. ಹಾಗಾದರೂ ನನ್ನ ಚಿಕ್ಕಮ್ಮ ನನಗೆ ಉಳಿದಾಳು.