ಮೂರನೆಯ ಮೆಟ್ಟಿಲಿನ ಅಂತೆ

ಮಂಗಳವಾರ, ಊಟವಾದ ಮೇಲೆ
ಪ್ರವಾಸದ ಒಂಬತ್ತನೆಯ ದಿನ

ಪ್ರಶ್ನೆ ಕೇಳುವುದರಲ್ಲಿ ಯಾರಿಗೂ ಬಗ್ಗದ ನನ್ನ ಮಗಳಿಗೆ,

ನಾನು ಸೌಖ್ಯವಾಗಿದ್ದೇನೆ, ಮಂಡಿಗಳು ಮಾತ್ರ ಅಷ್ಟು ಸೌಖ್ಯವಾಗಿಲ್ಲ. ಇಲ್ಲಿಯವರೆಗೆ ಮೂರು ವಿಶ್ವ ಪರಂಪರೆಯ ತಾಣಗಳನ್ನು ನೋಡಿದೆವು. ಮೂರರಲ್ಲೂ ಬರೀ ಮೆಟ್ಟಿಲು. ಮೂವತ್ತೊಂದು ವರ್ಷ ನಮ್ಮ ಕೋಟೆಯಲ್ಲಿ ಗೈಡ್ ಆಗಿ "ಇನ್ನು ನಾಲ್ಕೇ ಮೆಟ್ಟಿಲು, ಬನ್ನಿ ಬನ್ನಿ" ಎಂದು ಜನರನ್ನು ಯಾಮಾರಿಸಿದ್ದಕ್ಕೆ ಈಗ ಅನುಭವಿಸುತ್ತಿದ್ದೇನೆ.

ನಮ್ಮ ತಂಡದಲ್ಲಿ ಹನ್ನೆರಡು ಜನ. ಅವರಲ್ಲೊಬ್ಬರು ಹಲ್ಲಿನ ಡಾಕ್ಟರು, ಯಾವ ವಿಗ್ರಹ ಕಂಡರೂ ಮೊದಲು ಬಾಯಿ ನೋಡುತ್ತಾರೆ. ಮೊದಲ ತಾಣದಲ್ಲಿ ಹಳೆಯ ಕಲ್ಲಿನ ಕಾಲುವೆಯಲ್ಲಿ ಇವತ್ತಿಗೂ ನೀರು ಹರಿಯುತ್ತದೆ. ಎರಡನೆಯದರಲ್ಲಿ ಕುಸಿದ ಸೇತುವೆಯ ಕಲ್ಲುಗಳನ್ನು ನದಿಯಿಂದ ಎತ್ತಿ, ಒಂದೊಂದಕ್ಕೂ ನಂಬರ್ ಹಾಕಿ ಮತ್ತೆ ಕಟ್ಟಿದ್ದಾರೆ. ನೀನಿದ್ದಿದ್ದರೆ ಕಲ್ಲು ಎಣಿಸುತ್ತಾ ಬಸ್ಸು ತಪ್ಪಿಸುತ್ತಿದ್ದೆ.

ಬರೆಯಲು ಕೂತಿದ್ದು ಮೂರನೆಯ ತಾಣದ ವಿಷಯಕ್ಕೆ. ಇದು ಉಪ್ಪಿನ ವ್ಯಾಪಾರದಿಂದ ಬೆಳೆದ ಹಳೆಯ ಪಟ್ಟಣ. ಇವತ್ತು ಬೆಳಿಗ್ಗೆ ಅವರ ಉಗ್ರಾಣಕ್ಕೆ ಕರೆದುಕೊಂಡು ಹೋದರು. ಬಾಗಿಲ ಮುಂದಿನ ಮೆಟ್ಟಿಲಿನ ಮೇಲೆ, ಎಡಗಡೆಗೆ, ಒಂದು ತಗ್ಗು. ನಮ್ಮ ಕೋಟೆಯ ಉಗ್ರಾಣದ ಮೂರನೆಯ ಮೆಟ್ಟಿಲಿನಲ್ಲಿ ಇರುವುದೂ ಅಂಥದ್ದೇ. ನೋಡಿದ ಕೂಡಲೇ ಕಾಲು ನಿಂತುಬಿಟ್ಟಿತು. ಇಲ್ಲಿಯ ಗೈಡ್ ದಪ್ಪಗಿನ, ನಗುಮುಖದ ಹೆಂಗಸು. ಹಸಿ ಉಪ್ಪಿನ ಬುಟ್ಟಿ ಇಳಿಸಿ ಇಳಿಸಿ ಆದದ್ದು, ಉಪ್ಪುನೀರು ಒಳಗೆ ಇಳಿದು ಕಲ್ಲನ್ನು ಪುಡಿ ಮಾಡುತ್ತದೆ ಎಂದಳು. ಇಲ್ಲಿ ಯಾರೋ ಕೂತು ಯಾರಿಗೋ ಕಾದಿದ್ದರು ಅನ್ನುವ ಕತೆ ಏನಾದರೂ ಇದೆಯೇ ಎಂದು ನಾನು ಕೇಳಿದೆ. ಅವಳು ನಕ್ಕುಬಿಟ್ಟಳು. "ಕೂತು ಕೂತು ಕಲ್ಲು ಸವೀಬೇಕಾದ್ರೆ ಎಷ್ಟು ಜನ್ಮ ಬೇಕಮ್ಮಾ!" ಎಂದಳು. ಎಲ್ಲರೂ ನಕ್ಕರು, ಡಾಕ್ಟರೂ ನಕ್ಕರು. ನಾನೂ ನಕ್ಕೆ, ಆದರೆ ನಾಚಿಕೆಯಾಯಿತು.

ಈಗ ನಿನ್ನ ಫಲಕದ ವಿಷಯ. ನೀನು ಕಳಿಸಿದ ಕರಡು ನನ್ನ ಬ್ಯಾಗಿನಲ್ಲೇ ಇದೆ. ಕೋಟೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು, ಅದರ ಕಲ್ಲಿನ ಫಲಕಗಳನ್ನು ಬರೆಯುವ ಅಧಿಕಾರಿ ನನ್ನ ಮಗಳೇ ಆಗಿದ್ದು, ಇದನ್ನೆಲ್ಲ ಬಸ್ಸಿನಲ್ಲಿ ಹನ್ನೊಂದು ಜನಕ್ಕೂ ಹೇಳಿ ತಲೆ ತಿಂದಿದ್ದೇನೆ. ಏಳನೆಯ ಫಲಕದಲ್ಲಿ ನೀನು ಹೀಗೆ ಬರೆದಿದ್ದೀಯ: "ಕಾದವಳ ಮೆಟ್ಟಿಲು. ಕೋಟೆ ಕಟ್ಟಿದ ಕಲ್ಲುಕುಟಿಗನೊಬ್ಬನ ಹೆಂಡತಿ ಇಲ್ಲಿ ಕೂತು ಗಂಡನ ದಾರಿ ನೋಡುತ್ತಿದ್ದಳು." ಕೆಳಗೆ ಆಧಾರ ಎಂದು ಹಾಕಿ "ಸ್ಥಳೀಯ ಮೌಖಿಕ ಪರಂಪರೆ" ಎಂದಿದ್ದೀಯ.

ಆ ಪರಂಪರೆ ನಾನೇ ಕಣೇ. ನನಗಿಂತ ಹಿಂದೆ ಆ ಕತೆ ಇರಲಿಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಕೋಟೆ ತೋರಿಸಿದವರು ಟಾರ್ಚ್ ಮಾಮ. ಹಗಲು ಹೊತ್ತಿನಲ್ಲೂ ಟಾರ್ಚ್ ಹಿಡಿದು ಓಡಾಡುತ್ತಿದ್ದ ಆ ಹಿರಿಯ ಗೈಡು ನಿನಗೂ ನೆನಪಿರಬೇಕು. ಅವರು ಹೇಳಿಕೊಟ್ಟಿದ್ದು ಒಂದೇ ಪಾಠ: "ಗೊತ್ತಿದ್ರೆ 'ಕಟ್ಟಿಸಿದ' ಅನ್ನು. ಗೊತ್ತಿಲ್ದಿದ್ರೆ 'ಕಟ್ಟಿಸಿದನಂತೆ' ಅನ್ನು. ಒಂದು ಅಂತೆ ಹಾಕಿದ್ರೆ ನಿನ್ನ ತಲೆ ಮೇಲೆ ಏನೂ ಬರಲ್ಲ." ನನ್ನ ಜೀವನವೆಲ್ಲ ಆ ಅಂತೆಯ ಮೇಲೇ ನಡೆಯಿತು. ನೀನೂ ಅದನ್ನು ಬೇಗ ಕಲಿತೆ. ಏನು ಹೇಳಿದರೂ "ಅಂತೆನಾ, ಹೌದಾ?" ಎಂದು ಕೇಳುತ್ತಿದ್ದೆ. ಟಿಕೆಟ್ ಕಿಟಕಿಯವರು ನಿನ್ನನ್ನು ತನಿಖಾಧಿಕಾರಿ ಎಂದು ಕರೆಯುತ್ತಿದ್ದರು.

ನಿನ್ನ ಅಪ್ಪ ಕೋಟೆಯ ಅಳತೆ ತಂಡದಲ್ಲಿ ನಕ್ಷೆ ಬರೆಯುತ್ತಿದ್ದವರು. ಅಳತೆ ಮುಗಿದಾಗ ತಂಡದ ಜೊತೆ ಹೊರಟುಹೋದರು. ಅದು ನಿನಗೆ ಗೊತ್ತಿರುವ ಕತೆ. ಆಗ ನಿನಗೆ ಆರು ವರ್ಷ. ಶಾಲೆಗೆ ಹೋಗುವುದಿಲ್ಲ ಎಂದು ಹಠ ಹಿಡಿದು, ಮೂರನೆಯ ಮೆಟ್ಟಿಲಿನ ಮೇಲೆ ಬಂದು ಕೂರುತ್ತಿದ್ದೆ. ಅಲ್ಲಿಂದ ಬಸ್ಸು ನಿಲ್ಲುವ ಜಾಗ ಕಾಣುತ್ತದೆ. ನಾನು ದಿನಕ್ಕೆ ಐದು ಸಲ ಜನರನ್ನು ಕರೆದುಕೊಂಡು ನಿನ್ನ ಪಕ್ಕದಲ್ಲೇ ಹತ್ತಿ ಇಳಿಯುತ್ತಿದ್ದೆ. ಹದಿನೇಳು ದಿನ ಹೀಗೇ ನಡೆಯಿತು. ಕಣ್ಣು ನಿನ್ನ ಮೇಲೇ ಇರುತ್ತಿತ್ತು, ಬಾಯಲ್ಲಿ ರಾಜರ ಹೆಸರು ಬರುತ್ತಿತ್ತು.

ಹದಿನೆಂಟನೆಯ ದಿನ ನೀನು ಆ ತಗ್ಗಿನಲ್ಲಿ ಬೆರಳಾಡಿಸುತ್ತಾ ಇದೇನು ಎಂದು ಕೇಳಿದೆ. ನಾನು ಬಾಯಿಗೆ ಬಂದದ್ದು ಹೇಳಿದೆ. ಕಲ್ಲುಕುಟಿಗನ ಹೆಂಡತಿ ಇಲ್ಲೇ ಕೂತು ಕಾದಳು, ಕಲ್ಲು ಸವೆಯಿತು, ಅವನು ಬರಲಿಲ್ಲ, ಒಂದು ದಿನ ಸೆರಗು ಕೊಡವಿಕೊಂಡು ಎದ್ದು ತನ್ನ ಕೆಲಸಕ್ಕೆ ಹೋದಳು ಎಂದೆ. ನೀನು ನನ್ನ ಮುಖ ನೋಡಿ, "ಅಂತೆನಾ?" ಎಂದೆ. "ಅಂತೆ ಅಲ್ಲ, ಹೌದು" ಎಂದುಬಿಟ್ಟೆ ನಾನು. ಮಾರನೆಯ ದಿನ ನೀನು ಚೀಲ ಹಾಕಿಕೊಂಡು ಶಾಲೆಗೆ ಹೋದೆ.

ಆ ಕತೆ ಅಲ್ಲಿಗೇ ನಿಲ್ಲಬೇಕಿತ್ತು. ಆದರೆ ಒಂದು ದಿನ ಜನರ ಮುಂದೆಯೂ ಹೇಳಿದೆ, ಇಬ್ಬರು ಕಣ್ಣು ಒರೆಸಿಕೊಂಡರು. ಉಳಿದ ಗೈಡ್‌ಗಳು ಸುಮ್ಮನಿರುತ್ತಾರೆಯೇ? ಒಬ್ಬ ಅವಳಿಗೆ ಉದ್ದ ಜಡೆ ಕೊಟ್ಟ, ಇನ್ನೊಬ್ಬ ಕಂಕುಳಲ್ಲಿ ಮಗು ಕೊಟ್ಟ. ಆಮೇಲೆ ಕೈಪಿಡಿಗೂ ಬಂತು. ನೀನು ಚರಿತ್ರೆ ಓದಲು ಹೊರಟಾಗ, ಕಾದವಳ ಹೆಸರೇನು ಅಂತ ಹುಡುಕಬೇಕು ಎಂದಿದ್ದೆ. ಆಗಲೂ ನಾನು ನಿಜ ಹೇಳದೆ ನಿನ್ನ ಪೆಟ್ಟಿಗೆ ಕಟ್ಟಿಕೊಟ್ಟೆ.

ತಿಂಗಳ ಕೊನೆಗೆ ಕೆತ್ತುವವರಿಗೆ ಕೊಡುತ್ತೇನೆ ಎಂದು ಬರೆದಿದ್ದೀಯ. ಕೊಡುವ ಮುಂಚೆ ಏಳನೆಯ ಫಲಕ ತೆಗೆ. ನಾಳೆ ಈ ನಗುಮುಖದವಳಂಥವರು ಯಾರಾದರೂ ಬಂದು ಓದಿ ನಕ್ಕರೆ, ನಗೆಪಾಟಲಾಗುವವಳು ನೀನು, ನಾನಲ್ಲ. ನಮ್ಮ ಉಗ್ರಾಣದಲ್ಲೂ ಉಪ್ಪು ಇಡುತ್ತಿದ್ದರೇ ಎಂದು ಪರೀಕ್ಷೆ ಮಾಡಿಸು. ಅದೂ ತಿಳಿಯದಿದ್ದರೆ ಗೊತ್ತಿಲ್ಲ ಎಂದೇ ಬರೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ, ನಾನು ಮಾತು ಬದಲಿಸುತ್ತೇನೆ. ಇದನ್ನು ಓದಿದ ಮೇಲೆ, ನಾನು ಇಷ್ಟು ವರ್ಷ ಹೇಳಿದ ಉಳಿದದ್ದಕ್ಕೆಲ್ಲ "ಅಂತೆನಾ, ಹೌದಾ?" ಎಂದು ಕೇಳಲು ಶುರುಮಾಡುತ್ತೀಯ. ನನಗೆ ಇರುವ ಭಯ ಅದೊಂದೇ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಭಾನುವಾರ ಬರುತ್ತೇನೆ, ನಿಲ್ದಾಣಕ್ಕೆ ಬರುವುದೂ ಬಿಡುವುದೂ ನಿನಗೆ ಬಿಟ್ಟದ್ದು.

ನಿನ್ನ ಮೌಖಿಕ ಪರಂಪರೆ,
ಅಮ್ಮ

ಇನ್ನೊಂದು ವಿಷಯ ಮರೆತಿದ್ದೆ ಎಂದು ಬರೆಯಹೊರಟೆ. ಮರೆತಿರಲಿಲ್ಲ. ನೀನು ಮೆಟ್ಟಿಲಿನಿಂದ ಎದ್ದ ಎರಡು ತಿಂಗಳಿಗೆ ನಿನ್ನ ಅಪ್ಪ ಬಂದಿದ್ದರು. ಟಿಕೆಟ್ ಕಿಟಕಿಯ ಹತ್ತಿರ ನಿಂತು, ಮಗಳನ್ನು ಒಂದು ಸಲ ನೋಡಬೇಕು ಎಂದರು. ನೀನು ಕೋಟೆಯ ಹಿಂದಿನ ಶಾಲೆಯಲ್ಲೇ ಇದ್ದೆ. ನಿನ್ನನ್ನು ನನ್ನ ಅಕ್ಕನ ಊರಿಗೆ ಕಳಿಸಿದ್ದೇನೆ, ನೀನು ಅವರನ್ನು ನೆನೆಯುವುದೇ ಇಲ್ಲ ಎಂದೆ. ಅವರು ನಂಬಿದರು. ಮೇಲೆ ನನ್ನ ಗುಂಪು ಕಾಯುತ್ತಿತ್ತು, ನಾನು ಹೋದೆ. ಈ ಹಾಳೆಯ ಹಿಂಬದಿಯಲ್ಲಿ ಅವರ ವಿಳಾಸ ಬರೆದಿದ್ದೇನೆ. ಈಗಲೂ ಅಲ್ಲೇ ಇದ್ದಾರಂತೆ.