ಅಚ್ಚು 1.4ಕ್ಕೆ ನನ್ನ ಸಹಿ

ಜೂನ್ 2, ಸೋಮವಾರ

ಬೆಳಿಗ್ಗೆ 9.40ಕ್ಕೆ ಆಫೀಸಿನ ಬೀಗ ತೆಗೆದೆ. ಹತ್ತಕ್ಕೆ ಸುಮನಾ ಮೆಟ್ಟಿಲು ಹತ್ತುತ್ತಲೇ ಕೂಗಿದಳು — "ಮಾವ, ಕೋಡ್ ಹೇಳಿ, ಬೇಗ." ಫೋನಿನಲ್ಲಿ ಆರು ಅಂಕಿ ಬರುತ್ತದೆ, ಮೂವತ್ತು ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಕನ್ನಡಕ ಹುಡುಕಿದೆ. ಅಷ್ಟರಲ್ಲಿ ಎರಡು ಸಲ ಬದಲಾಯಿತು. ಮೂರನೆಯದನ್ನು ಹೇಳಿದೆ. ನಮ್ಮ ಅಚ್ಚಿನ ಹೊಸ ಆವೃತ್ತಿ ಬಿಡುಗಡೆ ಆಯಿತು; ಆ ಕೋಡಿಲ್ಲದೆ ಆಗುವುದಿಲ್ಲ. ಕನ್ನಡಕ ಜೇಬಿನಲ್ಲೇ ಇತ್ತು. ಸುಮ್ಮನೆ ಕಾಯಿಸಿದ್ದು... ಕಾಯಿಸದಿದ್ದರೆ ನನಗೇನು ಬೆಲೆ?

ರಿಜಿಸ್ಟರಿನಲ್ಲಿ ಬರೆದೆ — ಅಚ್ಚು 1.3.6. ಬದಲಾವಣೆ: ಬಟನ್ನಿನ ಬಣ್ಣ. ಹಳೆ ಫೋನಿನಲ್ಲಿ ನೋಡಿದ್ದು: ಸರಿ ಇದೆ. ಸಹಿ. ಹಳ್ಳಿಯವರ ಕೈಯಲ್ಲಿರುವಂಥ ಹಳೆ ಫೋನೊಂದನ್ನು ಪರೀಕ್ಷೆಗೆಂದೇ ಆಫೀಸಿನಲ್ಲಿ ಇಟ್ಟಿದ್ದೇವೆ.

ಕೆಳಗಿನ ಟೀ ಅಂಗಡಿ ವಿಮಲಮ್ಮ ಕೇಳಿದಳು, "ಸಿದ್ದಯ್ಯಣ್ಣ, ನಿಮ್ಮ ಸೊಸೆ ಆಫೀಸಲ್ಲಿ ಏನ್ ಮಾಡ್ತಾರೆ ಅಂತ ಇವತ್ತಿಗೂ ಗೊತ್ತಾಗ್ಲಿಲ್ಲ." ಅಕ್ಕನ ಮಗಳು ಸೊಸೆಯೇ ತಾನೆ. ವಿವರಿಸಿದೆ. "ನೋಡು ಮಾರಾಯ್ತಿ, ಒಂದೊಂದು ವೆಬ್‌ಸೈಟಿಗೂ ಬಟನ್ ಬೇಕು, ಹೆಸರು ಬರೆಯೋ ಚೌಕ ಬೇಕು, ತಾರೀಖು ಆರಿಸೋ ಚೌಕ ಬೇಕು. ಎಲ್ಲಾನೂ ಒಂದು ಸಲ ಇಲ್ಲಿ ಮಾಡಿ ಇಡ್ತೀವಿ. ಏಳು ಸೈಟಿನೋರು ಅದನ್ನೇ ಹಾಕ್ಕೊಳ್ತಾರೆ. ನಾವು ಇಲ್ಲಿ ತಿದ್ದಿದ್ರೆ ಏಳು ಕಡೆ ತಿದ್ದಿದಂಗೆ." ಕೋಟೆ ರಸ್ತೆಯಲ್ಲಿ ಮೂವತ್ತೊಂದು ವರ್ಷ ರಬ್ಬರ್ ಸ್ಟ್ಯಾಂಪ್ ಮಾಡಿದವನು ನಾನು. ಇದೂ ಅದೇ ಕೆಲಸ. ಅಚ್ಚು ಎಂಬ ಹೆಸರು ಇಟ್ಟವನೂ ನಾನೇ. ಏಳನೇ ಕ್ಲಾಸು, ಹೊಳೆಹೊನ್ನೂರು ಸರ್ಕಾರಿ ಶಾಲೆ. ಇಂಜಿನಿಯರುಗಳು ಮೂರು ದಿನ ಇಂಗ್ಲಿಷಿನಲ್ಲಿ ತಡಕಾಡಿದರು, ನಾನು ಎಲೆಅಡಿಕೆ ಹಾಕಿಕೊಳ್ಳುತ್ತಾ ಹೇಳಿದೆ.

ಜೂನ್ 4, ಬುಧವಾರ

ಎಂಟನೇ ಗಿರಾಕಿ. ಭದ್ರಾವತಿಯ ಹೆಣ್ಣುಮಕ್ಕಳ ಹಾಸ್ಟೆಲ್, ಒಂದು ಟ್ರಸ್ಟಿನದು. ಸೀಟಿಗೆ ಈ ಸಲ ಅರ್ಜಿ ಆನ್‌ಲೈನಿನಲ್ಲೇ. ಕೊನೇ ದಿನ 16.

ಅವರ ಸೈಟಿಗೆ ಅಚ್ಚನ್ನು ಇನ್‌ಸ್ಟಾಲ್ ಮಾಡಿದ್ದು ನಾನು! ಭದ್ರಾವತಿಯ ರೂಮಿನಲ್ಲಿ ಕೂತು ಕೆಲಸ ಮಾಡುವ ನಮ್ಮ ಇಂಜಿನಿಯರ್ ಯೋಗೇಶ ಫೋನಿನಲ್ಲಿ ಒಂದೊಂದೇ ಅಕ್ಷರ ಹೇಳಿದ, ನಾನು ಒತ್ತಿದೆ. ಒಂದು ಸಾಲು, ಎಂಟರ್. ಪರದೆ ತುಂಬ ಅಕ್ಷರ ಓಡಿತು. ನಿಂತಿತು. "ಸೂಪರ್ ಮಾವ" ಎಂದ. ನಾನು ಇವನಿಗೆ ಯಾವ ಕಡೆಯ ಮಾವ? ನನಗೆ ಹೆಣ್ಣುಮಕ್ಕಳೇ ಇಲ್ಲ.

ಫೋನಿಡುವ ಮೊದಲು ಮೆಲ್ಲಗೆ ತೆಗೆದ — "ಮಾವ, ಆ ಕೋಡು ನನ್ನ ಫೋನಿಗೂ ಬರೋ ಹಂಗೆ ಮಾಡ್ಕೊಳ್ಳನಾ?"

ಓಹೋ!

ಹೋದ ವರ್ಷ ಸುಮನಾ ಬಸ್ಸಿನಲ್ಲಿ ಫೋನ್ ಕಳೆದುಕೊಂಡ ಮೇಲೆ ಕೋಡು ನನ್ನ ಫೋನಿಗೆ ಬಂದಿದ್ದು. ಅದು ಅಂಗಿಯ ಗುಂಡಿಗೆ ದಾರದಲ್ಲಿ ಕಟ್ಟಿಕೊಂಡೇ ಇರುತ್ತದೆ. ಸ್ಟ್ಯಾಂಪ್ ಅಂಗಡಿಯಲ್ಲಿ ಒಂದೇ ಆಫೀಸಿಗೆ ಎರಡನೇ ಮೊಹರು ಕೇಳಿ ಬಂದವನನ್ನು ಕೂರಿಸಿ, ಟೀ ತರಿಸಿ, ಅವನ ಆಫೀಸಿಗೆ ಫೋನ್ ಹಚ್ಚುತ್ತಿದ್ದೆ. ಮೂವರು ಟೀ ಕುಡಿಯದೆ ಓಡಿದ್ದಾರೆ. ಈ ಯೋಗೇಶನಿಗೆ ಟೀ ಕೊಡೋಣ ಎಂದರೆ ಹದಿನೆಂಟು ಕಿಲೋಮೀಟರ್ ದೂರದಲ್ಲಿ ಕೂತಿದ್ದಾನೆ.

ಜೂನ್ 9, ಸೋಮವಾರ

ಸಿಕ್ಕಿತು. ವಿಡಿಯೋ ಕಾಲಿನಲ್ಲಿ ಸುಮನಾಗೆ ಏನೋ ತೋರಿಸಲು ಯೋಗೇಶ ತನ್ನ ಪರದೆ ತೆರೆದ. ನಾನು ಹಿಂದೆ ನಿಂತಿದ್ದೆ. ನಮ್ಮ ಅಚ್ಚಿನ ಪಕ್ಕದಲ್ಲೇ ಇನ್ನೊಂದು — ಅಚ್ಚು-2. ಅದೇ ಬಟನ್, ಅದೇ ಚೌಕ. ತಟ್ಟನೆ ಮುಚ್ಚಿದ. ಸುಮನಾ ನೋಡಲಿಲ್ಲ. ನಾನು ನೋಡಿದೆ.

ಯಾರಿಗೆ ಮಾರುತ್ತಾನೆ? ಹೊಸ ಬೈಕ್ ಬೇರೆ ತಗೊಂಡಿದ್ದಾನೆ. ಸೆಕೆಂಡ್ ಹ್ಯಾಂಡ್ ಅಂದ. ಹಾಗಂತ ಅವನು ಹೇಳುತ್ತಾನೆ.

ಜೂನ್ 10, ಮಂಗಳವಾರ — ಬೆಳಿಗ್ಗೆ

ಇವತ್ತು 1.4. ತಾರೀಖಿನ ಚೌಕ ಪೂರ್ತಿ ಹೊಸದು, ಯೋಗೇಶನ ಕೈಕೆಲಸ. "ಮಾವ, ಇದು ದೊಡ್ಡ ಬದಲಾವಣೆ," ಎಂದಳು ಸುಮನಾ. "ಹಳೆ ಫೋನಲ್ಲಿ ಹಾಸ್ಟೆಲ್ ಅರ್ಜಿ ಕೊನೇತನಕ ತುಂಬಿ ನೋಡಿ. ಆಮೇಲೆ ಕೋಡ್ ಕೊಡಿ." ಹಾಸ್ಟೆಲಿನ ಅರ್ಜಿ ಇವತ್ತೇ ಶುರು, ಅವರಿಗೆ ಇದೇ ಹೊಸ ಅಚ್ಚು ಬೇಕಂತೆ.

ಹಳೆ ಫೋನಿನ ಚಾರ್ಜ್ ಇಳಿದು ಹೋಗಿದೆ. ಏರಲು ಒಂದು ಗಂಟೆ ಬೇಕು. ಇವತ್ತು ಭದ್ರಾವತಿಗೆ ಹೋಗಿ ಕಳ್ಳನನ್ನು ಹಿಡಿಯಲೇಬೇಕು; ಹತ್ತೂವರೆ ಬಸ್ಸು ತಪ್ಪಿದರೆ ಯೋಗೇಶ ಊಟಕ್ಕೆ ಎದ್ದುಬಿಡುತ್ತಾನೆ.

'ಸರಿ ಇದೆ' ಎಂದು ಬರೆದೆ. ಸಹಿ ಹಾಕಿದೆ. ಕೋಡ್ ಕೊಟ್ಟೆ, ಹಾಸ್ಟೆಲಿನ ಸೈಟಿಗೂ ಅದನ್ನೇ ಇನ್‌ಸ್ಟಾಲ್ ಮಾಡಿದೆ. ಐದು ತಿಂಗಳಿಂದ ಸರಿಯೇ ಇದೆ, ಇವತ್ತು ಕೆಟ್ಟೀತೆ?

ಅದೇ ದಿನ, ಸಂಜೆ

ಯೋಗೇಶನ ರೂಮಿನ ಎದುರು ಬೇಕರಿ. ಕಂಬದ ಮರೆಯಲ್ಲಿ ಕೂತು ಮುಕ್ಕಾಲು ಗಂಟೆ ಕಾದೆ. ಗುರುತು ಸಿಗಬಾರದೆಂದು ಟವೆಲ್ಲನ್ನು ತಲೆಗೆ ಸುತ್ತಿಕೊಂಡಿದ್ದೆ. ಬೇಕರಿಯವನು ಬಂದು ಬೆಣ್ಣೆ ಬನ್ನು, ಟೀ ಇಟ್ಟ. ನಾನು ಕೇಳಿಲ್ಲವಲ್ಲ ಎಂದೆ. "ಮೇಲಿಂದ ಯೋಗೇಶಣ್ಣ ಫೋನ್ ಮಾಡಿ ಹೇಳಿದ್ರು. ಟವೆಲ್ ಸುತ್ಕೊಂಡಿರೋ ನಮ್ಮ ಮಾವಂಗೆ ಕೊಡು, ಸಕ್ಕರೆ ಕಮ್ಮಿ ಅಂತ."

ಬನ್ನು ತಿಂದೆ. ಬಿಡುವುದೇಕೆ. ಆಮೇಲೆ ಮೇಲೆ ಹೋದೆ.

"ಏನ್ ಮಾವ, ಹೇಳ್ದೆ ಕೇಳ್ದೆ?"

"ಕರೆಂಟ್ ಬಿಲ್ ನೋಡನ ಅಂತ ಬಂದೆ ಕಣೋ."

ನೀರು ತರಲು ಒಳಗೆ ಹೋದ. ಪರದೆಯ ಮೇಲೆ ಅಚ್ಚು-2 ರಾಜಾರೋಷವಾಗಿ ತೆರೆದಿತ್ತು. ಫೋಟೋ ತೆಗೆದೆ. ಮೊದಲನೆಯದು ಮಸುಕಾಯಿತು, ಎರಡನೆಯದು ಚೊಕ್ಕ.

ಪೊಲೀಸ್ ಇಲಾಖೆ ನನ್ನಂಥವನನ್ನು ಕಳೆದುಕೊಂಡಿದೆ.

ಜೂನ್ 11, ಬುಧವಾರ

ಫೋಟೋ ತೋರಿಸಿದೆ. ಸುಮನಾ ಎರಡು ಬೆರಳಿನಿಂದ ದೊಡ್ಡದು ಮಾಡಿ ಮಾಡಿ ನೋಡಿದಳು. "ನನಗೆ ಹೇಳೇ ಇಲ್ವಲ್ಲ ಅವನು," ಎಂದಳು. ಅಷ್ಟೇ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಲಿಲ್ಲ.

"ಕರೆದು ಕೇಳ್ತೀಯಾ?" ಎಂದೆ. "ಈಗ ಬೇಡ. ಇನ್ನೇನ್ ಮಾಡ್ತಾನೆ ನೋಡನ," ಎಂದಳು. ಈ ಬುದ್ಧಿ ನಮ್ಮ ಕಡೆಯಿಂದಲೇ ಬಂದಿದ್ದು.

ಜೂನ್ 13, ಶುಕ್ರವಾರ

ಹಾಸ್ಟೆಲಿನ ವಾರ್ಡನ್ ಪ್ರೇಮಮ್ಮ ಫೋನ್ ಮಾಡಿದರು. ಹೋದ ವರ್ಷ ಕಾಗದದ ಅರ್ಜಿಯೇ ಇನ್ನೂರು ಬಂದಿತ್ತಂತೆ. ಈ ಸಲ ಇಲ್ಲಿಯವರೆಗೆ ಹತ್ತೊಂಬತ್ತು. ಅಷ್ಟೂ ಊರೊಳಗಿನವರದು. ಹಳ್ಳಿ ಕಡೆಯಿಂದ ಒಂದೂ ಇಲ್ಲ. "ನಮ್ಮ ಹಾಸ್ಟೆಲ್ ಇರೋದೇ ಆ ಮಕ್ಕಳಿಗೆ ಅಲ್ವೇನ್ರೀ?" ಎಂದರು.

ಸುಮನಾ ತನ್ನ ಫೋನಿನಲ್ಲಿ ಅರ್ಜಿ ತುಂಬಿದಳು — ಹೋಯಿತು. ಕಂಪ್ಯೂಟರಿನಲ್ಲಿ — ಹೋಯಿತು. ರಿಜಿಸ್ಟರ್ ತೆರೆದು ಬೆರಳಿಟ್ಟಳು. "ಹಳೆ ಫೋನಲ್ಲಿ ಮಾವ ನೋಡಿದಾರೆ. ಸರಿ ಇದೆ. ಅಂದ್ರೆ ಆಮೇಲೆ ಯಾರೋ ಏನೋ ಮಾಡಿದಾರೆ."

ಯಾರೋ ಎಂದರೆ ಯಾರು... ಇಬ್ಬರಿಗೂ ಗೊತ್ತು. ಭದ್ರಾವತಿಗೆ ಫೋನ್ ಮಾಡಿ "ಹಾಸ್ಟೆಲಿಂದ ಕಂಪ್ಲೇಂಟ್ ಬಂದಿದೆ, ಏನಂತ ನೋಡು" ಎಂದಳು. ದನಿಯಲ್ಲಿ ಉಪ್ಪು ಖಾರ ಏನೂ ಇರಲಿಲ್ಲ.

ನನಗೆ ಒಳಗೊಳಗೇ ಖುಷಿ. ಬರೆದುಬಿಡುತ್ತೇನೆ, ಇಲ್ಲಿ ಯಾರು ಓದುತ್ತಾರೆ.

ಜೂನ್ 14, ಶನಿವಾರ

ಸುಮನಾ ಬ್ಯಾಂಕಿಗೆ ಹೋಗಿದ್ದಳು. ವಿಮಲಮ್ಮ ಕೈ ಒರೆಸಿಕೊಳ್ಳುತ್ತಾ ಮೇಲೆ ಬಂದಳು. ಕೈಯಲ್ಲಿ ಅವಳ ಫೋನು, ಗಾಜು ಒಡೆದದ್ದು.

"ಸಿದ್ದಯ್ಯಣ್ಣ, ನಮ್ಮ ಹುಡುಗಿ ಮೇಧಾಗೆ ಭದ್ರಾವತೀಲಿ ನರ್ಸಿಂಗ್ ಸೀಟ್ ಸಿಕ್ಕಿದೆ. ಹಾಸ್ಟೆಲಿಗೆ ಹಾಕನ ಅಂದ್ರೆ ಮೂರು ದಿನದಿಂದ ಹೋಗ್ತಾನೇ ಇಲ್ಲ. ನಿಮ್ಮದೇ ಅಲ್ವಾ ಇದು?"

ನೋಡಿದೆ. ಹೆಸರು ಸರಿ. ತಂದೆ ಹೆಸರು ಸರಿ. ಹುಟ್ಟಿದ ತಾರೀಖು ಒತ್ತಿದೆ. ಕ್ಯಾಲೆಂಡರ್ ಪರದೆ ತುಂಬ ಬಿಚ್ಚಿಕೊಂಡಿತು. 'ಸರಿ' ಎಂಬ ಬಟನ್ ಕೆಳಗೆಲ್ಲೋ ಪರದೆಯ ಆಚೆಗೆ. ಎಳೆದರೂ ಬರಲಿಲ್ಲ. ಹಿಂದೆ ಬಂದರೆ ತುಂಬಿದ್ದೆಲ್ಲ ಅಳಿಸಿತು.

"ನಿನ್ನ ಫೋನ್ ಸರಿ ಇಲ್ಲ ಮಾರಾಯ್ತಿ," ಎಂದೆ. ಆಫೀಸಿನ ಕಂಪ್ಯೂಟರಿನಲ್ಲಿ ಕೂತು ಮೇಧಾಳ ಅರ್ಜಿ ನಾನೇ ತುಂಬಿ ಕಳಿಸಿದೆ. ಟೀಗೆ ದುಡ್ಡು ಬೇಡ ಎಂದು ಹೋದಳು.

ಅವಳು ಇಳಿದ ಮೇಲೆ ಹಳೆ ಫೋನನ್ನು ಚಾರ್ಜಿಗೆ ಹಾಕಿದೆ. ಒಂದು ಗಂಟೆ ಅದರ ಮುಂದೆಯೇ ಕೂತಿದ್ದೆ. ಅರ್ಜಿ ತೆರೆದೆ. ಅದೇ ಕ್ಯಾಲೆಂಡರ್. 'ಸರಿ' ಇಲ್ಲ. ಮೂರು ಸಲ ನೋಡಿದೆ.

ಯಾರೂ ಆಮೇಲೆ ಏನೂ ಮಾಡಿಲ್ಲ. ಬಿಡುಗಡೆಯಾದಾಗಲೇ ಹೀಗಿತ್ತು. ಅವತ್ತು ನೋಡಿದ್ದರೆ ಕಾಣುತ್ತಿತ್ತು.

ರಿಜಿಸ್ಟರಿನ ಆ ಪುಟ ಕೀಳೋಣವೆಂದು ತೆಗೆದೆ. ಮೂಲೆಯಲ್ಲಿ ಪುಟ ಸಂಖ್ಯೆ 41, ಪಕ್ಕದಲ್ಲಿ ಪುಟ್ಟ ಮೊಹರು. ಯಾರೂ ಪುಟ ಕೀಳಬಾರದೆಂದು ಜನವರಿಯಲ್ಲಿ ನೂರು ಪುಟಕ್ಕೂ ಒತ್ತಿದವನು ನಾನೇ.

ಸುಮನಾ ಬರುವಷ್ಟರಲ್ಲಿ ರಿಜಿಸ್ಟರನ್ನು ಮುಚ್ಚಿ ಕಪಾಟಿನಲ್ಲಿಟ್ಟೆ.

ಜೂನ್ 16, ಸೋಮವಾರ — ಬೆಳಿಗ್ಗೆ 11.20

ಭಾನುವಾರ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ. ಸುಳ್ಳು. ಇತ್ತು.

ಸುಮನಾ ತೀರ್ಮಾನ ಮಾಡಿಯಾಗಿದೆ. ಸಂಜೆ ನಾಲ್ಕಕ್ಕೆ ಯೋಗೇಶನಿಗೆ ಲ್ಯಾಪ್‌ಟಾಪ್ ಸಮೇತ ಬರಲು ಹೇಳಿದ್ದಾಳೆ. ಅದನ್ನು ಇಸಕೊಂಡು ಕೆಲಸದಿಂದ ತೆಗೆದು ಕಳಿಸಿಬಿಡುತ್ತಾಳೆ. "ಕಳ್ಳತನ ಬೇರೆ, ಕೆಡಿಸೋದು ಬೇರೆ. ಎರಡನ್ನೂ ಹೆಂಗ್ ಸಹಿಸ್ಲಿ ಮಾವ?" ಅವಳ ಕಣ್ಣು ಊದಿಕೊಂಡಿತ್ತು. ನಾಲ್ಕು ವರ್ಷದಿಂದ ಜೊತೆಗಿರುವವನು. ನಾನು ಫ್ಯಾನ್ ನೋಡುತ್ತಾ ಕೂತೆ.

12.05

ಯೋಗೇಶ ಫೋನ್ ಮಾಡಿದ.

"ಮಾವ, ಅಕ್ಕ ಫೋನ್ ಎತ್ತುತಿಲ್ಲ. ಡೇಟ್ ಬಾಕ್ಸ್ ಸರಿ ಮಾಡಿದೀನಿ. 1.4.1 ರೆಡಿ. ಕೋಡ್ ಕೊಡಿ, ಇವತ್ತು ಐದು ಗಂಟೆಗೆ ಅರ್ಜಿ ಮುಗಿಯುತ್ತೆ."

"ಏನಾಗಿತ್ತು ಅಂತ ಹೆಂಗ್ ಗೊತ್ತಾಯ್ತು?"

"ಕಂಪ್ಲೇಂಟ್ ಅಂದ್ರಲ್ಲ, ಕೆಳಗೆ ಬೇಕರಿ ಅಣ್ಣನ ಹಳೆ ಫೋನ್ ಇಸ್ಕೊಂಡು ನೋಡ್ದೆ. ಶುಕ್ರವಾರನೇ ಸಿಕ್ತು. ಆದ್ರೆ ನೀವು ಸರಿ ಇದೆ ಅಂತ ಸಹಿ ಹಾಕಿದ್ರಲ್ಲ. ನೀವು ನೋಡಿದೀರ ಅಂದ್ರೆ ನೋಡಿದೀರ. ಬೇಕರಿ ಫೋನಲ್ಲಿ ಬರದೇ ಇರೋದು ನಿಮ್ಮ ಫೋನಲ್ಲಿ ಹೆಂಗ್ ಬಂತು? ಅದೇ ಹುಡುಕ್ತಾ ಶನಿವಾರ, ಭಾನುವಾರ ಹೋಯ್ತು ಮಾವ. ಇವತ್ತೂ ಗೊತ್ತಾಗ್ಲಿಲ್ಲ. ಹಂಗೇ ಸರಿ ಮಾಡ್ಬಿಟ್ಟೆ."

ಬೇರೆ ದಾರಿ ಕಾಣದೆ ಕೇಳಿದೆ — "ಆ ಅಚ್ಚು-2 ಏನೋ?"

"ಅದಾ!" ನಕ್ಕ. "ನೀವು ಬೈಬಾರದು. ಸಣ್ಣ ಪುಟ್ಟದ್ದು ಬಿಡುಗಡೆ ಮಾಡಿ ನೋಡನ ಅಂದ್ರೂ ನಿಮ್ಮ ಕೋಡಿಗೆ ಅರ್ಧ ದಿನ. ಕನ್ನಡಕ ಸಿಗಲ್ಲ ನಿಮಗೆ. ಅದಕ್ಕೆ ಪ್ರಯೋಗಕ್ಕೆ ಅಂತ ಬೇರೆ ಹೆಸರಲ್ಲಿ ಇಟ್ಕೊಂಡಿದೀನಿ. ನನ್ನ ಕಂಪ್ಯೂಟರ್ ಬಿಟ್ಟು ಆಚೆ ಹೋಗಿಲ್ಲ. ನಿಮಗೆ ಬೇಜಾರಾಗುತ್ತೆ ಅಂತ ಯಾರಿಗೂ ಹೇಳ್ಲಿಲ್ಲ."

ಕೋಡ್ ಹೇಳಿದೆ. ಒಂದೇ ಸಲಕ್ಕೆ.

"ಹೋಯ್ತು ಮಾವ. ಸಂಜೆ ಬರ್ತೀನಿ. ಅಕ್ಕ ಲ್ಯಾಪ್‌ಟಾಪ್ ತಗೊಂಡು ಬಾ ಅಂತ ಮೆಸೇಜ್ ಹಾಕಿದಾರೆ. ಹೊಸದು ಕೊಡಿಸ್ತಾರೆ ಅನ್ಸುತ್ತೆ. ಕೇಳಿ ಕೇಳಿ ಸಾಕಾಗಿತ್ತು!"

1.30

ಬಿಡುಗಡೆ ಮಾಡಿದರೆ ಸಾಲದು, ಹಾಸ್ಟೆಲಿನ ಸೈಟಿಗೆ ಹೊಸದನ್ನು ಮತ್ತೆ ಇನ್‌ಸ್ಟಾಲ್ ಮಾಡಬೇಕು. ಆ ಸಾಲು ನನಗೆ ಬಾಯಿಪಾಠ. ಒತ್ತಿದೆ. ಹಳೆ ಫೋನಿನಲ್ಲಿ ಅರ್ಜಿಯನ್ನು ಕೊನೆಯವರೆಗೆ ತುಂಬಿದೆ, ಸುಳ್ಳು ಹೆಸರು ಹಾಕಿ. 'ಸರಿ' ಕಂಡಿತು. ಹೋಯಿತು. ಪ್ರೇಮಮ್ಮನಿಗೆ ಫೋನ್ ಮಾಡಿ ಆ ಹೆಸರು ತೆಗೆಯಿರಿ ಎಂದೆ, ಇನ್ನೆರಡು ದಿನ ಕೊಡಿ ಎಂದೂ ಕೇಳಿದೆ. ಟ್ರಸ್ಟಿನವರನ್ನು ಕೇಳಬೇಕಂತೆ. "ಈಗ ಸರಿ ಆಯ್ತಲ್ಲ, ತಪ್ಪು ಯಾರದ್ದು ಅಂತ ಅವರು ಕೇಳ್ತಾರೆ, ಏನ್ ಹೇಳ್ಲಿ?" ಎಂದರು.

ಸಂಜೆ ಹೇಳುತ್ತೇನೆ ಎಂದೆ.

3.50

ಸುಮನಾ ಹೊರಗಿಂದ ಬಂದಳು. ಕೋಡಿನ ವಿಷಯ ಹೇಳಿದೆ. "ತಾನೇ ಕೆಡಿಸಿ ತಾನೇ ಸರಿ ಮಾಡಿದ್ನಾ," ಎಂದಳು. ಬಾಯಿ ತೆರೆದೆ, ಅವಳ ಫೋನ್ ಬಡಕೊಂಡಿತು, ಮುಚ್ಚಿದೆ. ಅರವತ್ತೆರಡು ವರ್ಷ ಆಯಿತು ನನಗೆ. ಇವಳ ಆಫೀಸಿನ ಕೀಲಿ, ಕೋಡು, ಆ ಕಿಟಕಿ ಪಕ್ಕದ ಕುರ್ಚಿ... ಹೇಳಿದ ಮೇಲೆ ಇವು ಯಾವುವೂ ನನ್ನ ಹತ್ತಿರ ಇರುವುದಿಲ್ಲ. ಇರಬಾರದು ಕೂಡ.

ಪುಟ 41ರಲ್ಲಿ 'ಸರಿ ಇದೆ'ಯ ಮೇಲೆ ಗೀಟು ಎಳೆದೆ. ಪಕ್ಕದಲ್ಲಿ ಬರೆದೆ — ನೋಡಿಲ್ಲ. ಇವತ್ತಿನ ತಾರೀಖು. ಸಹಿ.

ಕೆಳಗೆ ಬೈಕ್ ನಿಂತಿತು. ಯೋಗೇಶ ವಿಮಲಮ್ಮನ ಹತ್ತಿರ ಏನೋ ತಮಾಷೆ ಮಾಡಿ ನಗುತ್ತಿದ್ದಾನೆ. ಸುಮನಾ ಕುರ್ಚಿ ಎಳೆದುಕೊಂಡು ಬಾಗಿಲ ಕಡೆ ಮುಖ ಮಾಡಿ ಕೂತಿದ್ದಾಳೆ. ರಿಜಿಸ್ಟರನ್ನು ತೆರೆದೇ ಅವಳ ಮುಂದೆ ಇಡುತ್ತೇನೆ. ಅವನು ಒಳಗೆ ಕಾಲಿಡುವ ಮೊದಲು ನಾನು ಹೇಳಿಬಿಡಬೇಕು. ಪೆನ್ನು ಇಡುತ್ತೇನೆ.