ಗುರುವಾರದ ಚುಕ್ಕಿಗಳು

ಹದಿನಾಲ್ಕನೇ ತಾರೀಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳಿಗೆ,

ನಾನು ಕ್ಷೇಮ, ಅಮ್ಮ ಕ್ಷೇಮ. ಅವಳ ಮೊಣಕಾಲು ಮಾತ್ರ ಅವಳ ಹಾಗೆಯೇ ಹಟಮಾರಿ. ನಿನ್ನ ಪತ್ರ ಬಂದು ಆರು ವಾರವಾಯಿತು. ಉತ್ತರ ಬರೆಯಲಿಲ್ಲವೆಂದು ಅಮ್ಮ ನನ್ನನ್ನು ಎರಡು ಸಲ ಬೈದಾಗಿದೆ, ನೀನು ಬೇರೆ ಬೈಯಬೇಡ.

ನೀನು ರಕ್ತಪರೀಕ್ಷೆಯ ಕೋಣೆಯಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರವೇ ಗೋಡೆಯ ಮೇಲಿನ ನಕ್ಷೆ ತೋರಿಸಿ "ದಿನಾ ಇದರಲ್ಲಿ ಚುಕ್ಕಿ ಇಡಿ" ಅಂದರಂತೆ. "ನೀನು ಪೇಪರಿನ ಅಂಚಿನಲ್ಲೆಲ್ಲ ಗೀಚ್ತಿದ್ದೆಯಲ್ಲ ಅಪ್ಪ, ಅದೇನಾ ಇದು?" ಎಂದು ಕೇಳಿದ್ದೀಯ. ಅದೇ ಕಣೇ. ನಡುವೆ ಒಂದು ಗೆರೆ, ಮೇಲೊಂದು ಮಿತಿ, ಕೆಳಗೊಂದು ಮಿತಿ. ಅಮ್ಮನ ಚಹಾ ನೆನೆಸಿಕೋ. ಸಕ್ಕರೆ ಒಂದು ದಿನ ತುಸು ಹೆಚ್ಚು, ಒಂದು ದಿನ ತುಸು ಕಡಿಮೆ. ಅದು ಸಹಜ, ಅದಕ್ಕೆ ಜಗಳ ತೆಗೆಯಬಾರದು (ತೆಗೆದು ಅನುಭವಿಸಿದವನು ಹೇಳುತ್ತಿದ್ದೇನೆ). ಎಂಟು ದಿನ ಒಂದೇ ಸಮನೆ ಇಳಿಯುತ್ತಾ ಬಂದರೆ ಮಾತ್ರ ಏನೋ ಕಾರಣವಿದೆ ಎಂದರ್ಥ. ಡಬ್ಬ ಖಾಲಿಯಾಗಿರಬೇಕು, ಇಲ್ಲವೇ ನನ್ನ ಮೇಲೆ ಕೋಪ ಬಂದಿರಬೇಕು. ಹೋಗಿ ಹುಡುಕಬೇಕು. ಇಷ್ಟೇ ವಿದ್ಯೆ. ಇಷ್ಟಕ್ಕೇ ನಿನ್ನಪ್ಪ ಕಾರ್ಖಾನೆಯ ಗುಣಮಟ್ಟದ ವಿಭಾಗದಲ್ಲಿ ಇಪ್ಪತ್ತೇಳು ವರ್ಷ ಗಂಭೀರ ಮುಖ ಹೊತ್ತು ತಿರುಗಿದ್ದು.

ಇನ್ನು ನಮ್ಮ ಕಾರ್ಖಾನೆಯ ಮಹಿಮೆ ಕೇಳು. ಊಟ ಮಾಡಿ ಓದಬೇಡ, ಹೊಟ್ಟೆ ತೊಳಸುತ್ತದೆ.

ನಾವು ಮಾಡುವುದು ಊರುಗೋಲಿನ ತುದಿಗೆ ಸಿಕ್ಕಿಸುವ ರಬ್ಬರಿನ ಟೊಪ್ಪಿ ಎಂದು ನಿನಗೆ ಗೊತ್ತು. ಅದರ ತಳ ತೆಳ್ಳಗಾದರೆ ಒಳಗಿನ ಕಬ್ಬಿಣದ ಕೊಳವೆ ತೂತು ಮಾಡಿಕೊಂಡು ಹೊರಗೆ ಇಣುಕುತ್ತದೆ. ಒದ್ದೆ ನೆಲದ ಮೇಲೆ ಊರಿದವರು ಅಲ್ಲೇ ಮಲಗುತ್ತಾರೆ. ಅದಕ್ಕೇ ಗಂಟೆಗೊಮ್ಮೆ ಐದು ಟೊಪ್ಪಿ ತೆಗೆದು, ತಳ ಅಳೆದು, ಸರಾಸರಿಗೆ ಒಂದು ಚುಕ್ಕಿ ಇಡುವುದು. ಇಡುವವಳು ರಬ್ಬರನ್ನು ಅಚ್ಚಿಗೆ ಒತ್ತುವ ಪ್ರೆಸ್ ನಡೆಸುವ ಹೆಂಗಸು. ಹತ್ತೊಂಬತ್ತು ವರ್ಷದಿಂದ ಚುಕ್ಕಿ ಇಟ್ಟೂ ಇಟ್ಟೂ ಎಲ್ಲರ ಬಾಯಲ್ಲಿ ಚುಕ್ಕಿಯಕ್ಕ ಆಗಿದ್ದಾಳೆ. ದಪ್ಪ ಅಳೆಯುವ ಕ್ಯಾಲಿಪರ್ ಹಿಡಿಯುವುದನ್ನು ಅವಳಿಗೆ ಕಲಿಸಿದವನು ನಾನೇ. ಈಗ ಅವಳು ನನಗೆ ಕಲಿಸಬಲ್ಲಳು.

ಕಳೆದ ತಿಂಗಳು ಅವಳ ಚುಕ್ಕಿಗಳು ಮೆಟ್ಟಿಲಿಳಿಯತೊಡಗಿದವು. ಒಂದು, ಎರಡು, ಹೀಗೆ ಒಂಬತ್ತು ಚುಕ್ಕಿ, ಒಂದಕ್ಕಿಂತ ಒಂದು ಕೆಳಗೆ. ಅಚ್ಚಿನೊಳಗಿನ ಗೂಟ ಸಡಿಲವಾಗಿ ಕೆಳಕ್ಕೆ ಜಾರಿ, ಟೊಪ್ಪಿಯ ತಳ ತೆಳ್ಳಗಾಗುತ್ತಿತ್ತು. ರಿಪೇರಿಗೆ ಪ್ರೆಸ್ಸನ್ನು ಮೂರು ದಿನ ನಿಲ್ಲಿಸಬೇಕು. ಅದೇ ವಾರ ಗುಣಮಟ್ಟದ ಪ್ರಶಸ್ತಿಗೆಂದು ಪರಿಶೀಲಕರು ಬರುವವರಿದ್ದರು. ನಮ್ಮ ಮ್ಯಾನೇಜರ್, ಅಂದರೆ ಉಸಿರಿಗೊಮ್ಮೆ "ಝೀರೋ ಡಿಫೆಕ್ಟ್" ಎನ್ನುವ ಝೀರೋ ಸಾಹೇಬ, ನಕ್ಷೆಯ ಮುಂದೆ ನಿಂತು ಮೂಗು ಮುರಿದ.

"ಏನಮ್ಮ ಇದು? ಚುಕ್ಕಿ ಮೇಲೆ ತನ್ನಿ."

"ರಬ್ಬರ್ ದಪ್ಪ ಆದ್ರೆ ತಾನಾಗೇ ಬರುತ್ತೆ ಸಾರ್."

"ಪೆನ್ಸಿಲ್ ನಿಮ್ಮ ಕೈಲೇ ಇದೆಯಲ್ಲ?"

"ಪೆನ್ಸಿಲ್ ಕೈಲಿದ್ರೆ ನನ್ನ ವಯಸ್ಸೂ ಕಡಿಮೆ ಬರ್ಕೋಬಹುದು ಸಾರ್. ಮಂಡಿ ನೋವು ಹೋಗುತ್ತಾ?"

ಪ್ರೆಸ್ಸಿನ ಸುತ್ತ ಇದ್ದವರೆಲ್ಲ ನಕ್ಕರು. ನಗಬಾರದಿತ್ತು. ಮರುದಿನವೇ ಚುಕ್ಕಿಯಕ್ಕನ ದೃಷ್ಟಿ ಮಂದವಾಗಿದೆ, ಅವಳ ಅಳತೆ ನಂಬುವಂತಿಲ್ಲ ಎಂಬ ವರದಿ ಹುಟ್ಟಿ, ಅವಳನ್ನು ಪೆಟ್ಟಿಗೆಗೆ ಟೇಪ್ ಅಂಟಿಸುವ ಕೋಣೆಗೆ ಕಳಿಸಿದರು. ಮಂಗಳವಾರ ಬೆಳಿಗ್ಗೆ ಝೀರೋ ಸಾಹೇಬ ತಾನೇ ಕುಳಿತು, ನಾಲಗೆಯ ತುದಿ ಹೊರಗೆ ಚಾಚಿಕೊಂಡು, ಇಡೀ ವಾರದ ಚುಕ್ಕಿಗಳನ್ನು ಇಟ್ಟು ಮುಗಿಸಿದ. ಎಲ್ಲವೂ ನಡುಗೆರೆಗೆ ಅಂಟಿಕೊಂಡು ನಿಂತಿದ್ದವು, ಗೋಡೆಯ ಮೇಲೆ ಸಾಲು ಹಿಡಿದ ಇರುವೆಗಳ ಹಾಗೆ. ಅಷ್ಟು ಶಿಸ್ತಾದ ಚುಕ್ಕಿಗಳನ್ನು ನೀನು ಎಲ್ಲಾದರೂ ಕಂಡರೆ, ಮಗಳೇ, ಮೂಗು ಮುಚ್ಚಿಕೋ. ಒಳಗೆ ಏನೋ ಕೊಳೆತಿರುತ್ತದೆ.

ಪರಿಶೀಲಕರು ಬುಧವಾರ ಬಂದರು. ಅವರಲ್ಲೊಬ್ಬ ಕನ್ನಡಕ ಏರಿಸಿ, "ಇವತ್ತು ಬುಧವಾರ. ಗುರುವಾರದ ಅಳತೆ ಆಗಲೇ ಇದೆಯಲ್ಲ?" ಅಂದ. ನನ್ನ ಎದೆ ಹಿಗ್ಗಿತು, ಸದ್ಯ, ಸಾಹೇಬ ಸಿಕ್ಕಿಬಿದ್ದ ಎಂದು. ಝೀರೋ ಸಾಹೇಬ ಕಣ್ಣು ಮಿಟುಕಿಸದೆ, "ನಮ್ಮ ಪ್ರಕ್ರಿಯೆ ಅಷ್ಟು ಸ್ಥಿರ ಸಾರ್, ನಾಳೆದೂ ಇವತ್ತೇ ಗೊತ್ತಿರುತ್ತೆ" ಅಂದ. ಆ ಪುಣ್ಯಾತ್ಮ ತಲೆದೂಗಿ, "ದೂರದೃಷ್ಟಿ ಶ್ಲಾಘನೀಯ" ಎಂದು ಬರೆದುಕೊಂಡ! ಗುರುವಾರ ದಿನವಿಡೀ ಕರೆಂಟು ಇರಲಿಲ್ಲ. ಪ್ರೆಸ್ಸು ಒಂದೇ ಒಂದು ಟೊಪ್ಪಿ ಉಗುಳಲಿಲ್ಲ. ನಕ್ಷೆಯಲ್ಲಿ ಮಾತ್ರ ಎಂಟು ಚುಕ್ಕಿ.

ಪ್ರಶಸ್ತಿ ಬಂತು. ಗಾಜಿನ ಫಲಕ, ಭಾಷಣ, ಎಲ್ಲರಿಗೂ ಒಂದೊಂದು ಕೇಕಿನ ತುಂಡು. ನುಂಗಲಾಗದೆ ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದು ಹಿತ್ತಲಿಗೆ ಎಸೆದೆ. ಪಕ್ಕದ ಮನೆಯ ಬೆಕ್ಕು ಮೂಸಿ ನೋಡಿ ಹೊರಟುಹೋಯಿತು. ಪರಿಶೀಲಕನಾಗಲು ಅದಕ್ಕೇ ಹೆಚ್ಚು ಅರ್ಹತೆ. ತೆಳ್ಳನೆ ಟೊಪ್ಪಿಗಳೆಲ್ಲ ಲಾರಿ ಹತ್ತಿ ಹೋದವು. ಯಾರೋ ಎಲ್ಲೋ ಈಗ ಅವುಗಳ ಮೇಲೆ ಭಾರ ಹಾಕಿ ಬಚ್ಚಲಿಗೆ ನಡೆಯುತ್ತಿರುತ್ತಾರೆ.

ನೀನು ಮಾತ್ರ ಕಂಡದ್ದನ್ನೇ ಇಡು. ಚುಕ್ಕಿ ಸೊಟ್ಟಗಿದ್ದರೂ ಸರಿ, ನಿನ್ನದಾಗಿರಲಿ. ವೇಳೆಗೆ ಸರಿಯಾಗಿ ಊಟ ಮಾಡು. ನೂರು ಕಾಲ ಸುಖವಾಗಿರು, ಕಂದ.

ಇತಿ,
ನಿನ್ನ ಅಪ್ಪ

ಮರೆತಿದ್ದೆ. ಮರೆತಿರಲಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಚುಕ್ಕಿಯಕ್ಕನ ದೃಷ್ಟಿಯ ವರದಿ ತಾನಾಗಿ ಹುಟ್ಟಲಿಲ್ಲ. ಬರೆದವನು ನಾನು. "ನೀವು ಬರೀತೀರೋ, ಇಲ್ಲ ನಿಮ್ಮ ಬಗ್ಗೆ ಬೇರೆಯವರ ಕೈಲಿ ಬರೆಸ್ಲೋ?" ಎಂದು ಝೀರೋ ಸಾಹೇಬ ಕೇಳಿದ. ಬರೆದೆ. ಅವಳಿಗೆ ಅದು ಗೊತ್ತಿಲ್ಲ.

ನಿನ್ನೆ ನನ್ನ ಕೋಣೆಗೆ ಬಂದಿದ್ದಳು. ಕಣ್ಣಿನ ಡಾಕ್ಟರಿಗೆ ತೋರಿಸಿದಳಂತೆ, ಕಣ್ಣಿಗೇನೂ ಆಗಿಲ್ಲ ಅಂದರಂತೆ. "ಹಾಗಾದ್ರೆ ಕೈ ಹೋಗಿದೆಯೇನೋ ಸಾರ್. ನಂಗೇ ನನ್ನ ಮೇಲೆ ಅನುಮಾನ. ನೀವೊಂದ್ಸಲ ನೋಡಿ" ಎಂದು ನನ್ನೆದುರೇ ಐದು ಟೊಪ್ಪಿ ಅಳೆದಳು. ಆಮೇಲೆ ನಾನು ಅಳೆದೆ. ಐದಕ್ಕೆ ಐದೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

"ಸರಿ ಇದೆಯಾ ಸಾರ್?" ಅಂದಳು.

"ಸ್ವಲ್ಪ ಹೆಚ್ಚುಕಮ್ಮಿ ಬರ್ತಿದೆ ಅಕ್ಕ" ಅಂದೆ.

ಅವಳು ಕ್ಯಾಲಿಪರನ್ನು ಒರೆಸಿ ಮೇಜಿನ ಮೇಲೆ ನನ್ನ ಕಡೆಗೆ ಸರಿಸಿ, "ನಿಜ ಹೇಳಿದ್ದು ಒಳ್ಳೇದಾಯ್ತು ಸಾರ್" ಎಂದು ಟೇಪಿನ ಕೋಣೆಗೆ ಹೋದಳು.